ಎಣಿಸದ ದೊಡ್ಡವ್ವ

ನಮ್ಮ ದೊಡ್ಡವ್ವನ ಬಲಗೈಯ ಕಿರಿಬೆರಳು ಒಳಗೆ ಬಾಗಿತ್ತು. ಮದುವೆಯಾಗಿ ಬಂದ ವರ್ಷ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕು ಮುರಿದದ್ದಂತೆ. ಯಾರೋ ಹಳ್ಳಿವೈದ್ಯ ಕಟ್ಟು ಕಟ್ಟಿದ, ಅದು ಅಂಗೈ ಕಡೆ ಮುಖ ಮಾಡಿ ಕೂತದ್ದು ಮತ್ತೆ ಏಳಲೇ ಇಲ್ಲ. ಆ ಕೈಯಿಂದ ಅವಳು ಶೇಂಗಾ ಉಂಡಿ ಕಟ್ಟಿದರೆ ಪ್ರತಿ ಉಂಡಿಯ ಮೇಲೂ ಒಂದು ಸಣ್ಣ ತಗ್ಗು ಬೀಳುತ್ತಿತ್ತು. ಬೇಡಕಿಹಾಳದಲ್ಲಿ ನಮ್ಮ ಓಣಿಯ ಯಾವ ಮನೆಯ ಡಬ್ಬಿ ತೆಗೆದರೂ, ತಗ್ಗು ಬಿದ್ದ ಉಂಡಿ ನಮ್ಮ ಮನೆಯಿಂದ ಹೋದದ್ದು ಅಂತ ಯಾರು ಬೇಕಾದರೂ ಹೇಳುತ್ತಿದ್ದರು.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವಳಿಗೆ ಮಕ್ಕಳಿರಲಿಲ್ಲ, ಆದರೆ ಮನೆಯ ಮಕ್ಕಳೆಲ್ಲ ಅವಳ ಸೆರಗು ಹಿಡಿದೇ ಬೆಳೆದವು. ನಮ್ಮವ್ವ ಮತ್ತು ಅಪ್ಪನ ತಮ್ಮನ ಹೆಂಡತಿ ಕಾಕಿ ಅಡಿಗೆ, ಹೊಲ, ದನ ಅಂತ ಓಡಾಡುತ್ತಿದ್ದರೆ ನಮ್ಮ ತಲೆ ಹಿಕ್ಕುವುದು, ಮೂಗು ಒರೆಸುವುದು, ಜ್ವರ ಬಂದರೆ ಹಣೆಗೆ ಒದ್ದೆ ಅರಿವೆ ಇಡುವುದು ದೊಡ್ಡವ್ವನ ಪಾಲು. ಅಂಜುವುದೂ ಅವಳದೇ ಪಾಲು. ಆ ಕೆಲಸವನ್ನು ಮನೆಮಂದಿ ಪೂರಾ ಅವಳಿಗೇ ಬಿಟ್ಟುಕೊಟ್ಟು ತಾವು ಹಾಯಾಗಿ ಇದ್ದರು.

ಅಪ್ಪ ನಿಪ್ಪಾಣಿ ಪ್ಯಾಟಿಗೆ ಹೋಗಿ ಒಂದು ಬಸ್ಸು ತಪ್ಪಿಸಿಕೊಂಡು ಬಂದರೆ ಮುಗಿಯಿತು, ಅಷ್ಟರಲ್ಲಿ ಇವಳು ಹತ್ತು ಸಲ ಅಗಸಿತನಕ ಹೋಗಿ ಬಂದಿರುತ್ತಿದ್ದಳು. "ವೈನಿ, ನಾ ಏನ್ ಕೂಸೇನ್ರಿ?" ಅಂತ ಅಪ್ಪ ನಗುತ್ತಿದ್ದ. "ನಗು, ನಗು. ಹೊರಗ ಹೋದವರು ಹೊಳ್ಳಿ ಬರೂತನಾ ನನ್ನ ಜೀವ ಜೀವದಾಗ ಇರಾಂಗಿಲ್ಲೋ ಯಪ್ಪಾ" ಅನ್ನುತ್ತಿದ್ದಳು. ಹಾಗಂದು ಅವನ ಕೈಯಲ್ಲಿ ನೀರಿನ ತಂಬಿಗೆ ಕೊಟ್ಟ ಮೇಲೆಯೇ ಅವಳು ಕೂಡುವುದು.

ಇಷ್ಟು ಅಂಜುವವಳು ಮಕ್ಕಳನ್ನು ಮಾತ್ರ ಎಣಿಸುತ್ತಿರಲಿಲ್ಲ. ಬೇರೆಯವರಿಗೂ ಎಣಿಸಗೊಡುತ್ತಿರಲಿಲ್ಲ. "ಚೀಲಾ ಎಣಸ್ರಿ, ದನಾ ಎಣಸ್ರಿ, ತೆಂಗಿನಕಾಯಿ ಎಣಸ್ರಿ. ಮನ್ಯಾನ ಮಕ್ಕಳನ್ನ ಎಣಸಬ್ಯಾಡ್ರಿ, ಎಣಿಸಿದ್ದು ಕಡಿಮಿ ಆಗ್ತೈತಿ" ಅಂತ ಅವಳ ಕಾಯ್ದೆ. ಒಂದು ಸಲ ಸಾಲಿ ಮಾಸ್ತರರು ಮನೆಮನೆ ಬರಕೊಳ್ಳಲು ಬಂದು, ಎಷ್ಟು ಮಕ್ಕಳು ಅಂತ ಕೇಳಿದರು. "ದೇವರು ಕೊಟ್ಟಷ್ಟು ಅದಾವ್ರಿ ಸರ. ಅಂಗಳದಾಗ ಆಡಾಕತ್ತಾವು, ನೀವ ನೋಡಿ ಬರಕೋರಿ" ಅಂದುಬಿಟ್ಟಳು. ಪಾಪ, ಆ ಮಾಸ್ತರರು ಓಡಾಡುವ ನಮ್ಮನ್ನು ಎಣಿಸಲಾಗದೆ ಅರ್ಧ ತಾಸು ಬೆವರಿದರು.

ಯಾಕೆ ಹೀಗೆ ಅನ್ನುವುದನ್ನು ಬಹಳ ವರ್ಷಗಳ ಮೇಲೆ ನಮ್ಮವ್ವ ಹೇಳಿದಳು. ದೊಡ್ಡವ್ವ ಒಂದು ಕೂಸು ಹಡೆದಿದ್ದಳಂತೆ. ತೊಟ್ಟಿಲಿಗೆ ಹಾಕಿದ ದಿನ ಅವಳ ಅತ್ತೆ ಬಂದ ಮಂದಿಯ ಮುಂದೆ ಮನೆಯ ಮೊಮ್ಮಕ್ಕಳನ್ನೆಲ್ಲ ಬೆರಳು ಮಡಚಿ ಎಣಿಸಿ, ಇದು ಇಷ್ಟನೇದು ಅಂತ ಹೆಮ್ಮೆಯಿಂದ ಹೇಳಿದ್ದಳಂತೆ. ಆ ವಾರ ತುಂಬುವುದರೊಳಗೆ ಕೂಸು ಹೋಯಿತು. ಎಣಿಸಿದ್ದಕ್ಕೆ ಹೋಯಿತು ಅಂತ ನಾನು ನಂಬುವುದಿಲ್ಲ. ಆದರೆ ಅವಳು ನಂಬಿದ್ದಳು, ಮತ್ತು ಅವಳ ಮುಂದೆ ಇದನ್ನು ವಾದಿಸುವಷ್ಟು ಕಲ್ಲು ಮನಸ್ಸು ನನ್ನದಲ್ಲ.

ಎಣಿಸದೆ ಇಷ್ಟು ಮಕ್ಕಳನ್ನು ಕಾಯುವುದು ಹೇಗೆ? ಅದಕ್ಕೇ ಉಂಡಿ. ಎಲ್ಲಿಗಾದರೂ ಹೊರಡುವ ಹಿಂದಿನ ದಿನ ದೊಡ್ಡವ್ವ ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಒಬ್ಬೊಬ್ಬರ ಹೆಸರು ಹೇಳುತ್ತ ಒಂದೊಂದು ಉಂಡಿ ಕಟ್ಟುವಳು. ಇದು ಇಂಥವನದು, ಇದು ಇಂಥವಳದು. ಹೆಸರು ಮುಗಿದರೆ ಉಂಡಿ ಮುಗಿಯಿತು. ನಿಲ್ಲುವ ಒಂದೊಂದು ಜಾಗಕ್ಕೂ ಒಂದೊಂದು ಅರಿವೆಗಂಟು. ಆ ಜಾಗ ಬಿಟ್ಟು ಹೊರಡುವಾಗ ಒಂದು ಗಂಟು ಬಿಚ್ಚಿ ಪ್ರತಿಯೊಬ್ಬರ ಕೈಯಲ್ಲಿ, ತನ್ನ ಕೈಯಾರೆ, ಒಂದೊಂದು ಇಡುವಳು. ಗಂಟು ಬರಿದಾದರೆ ಎಲ್ಲರೂ ಇದ್ದಾರೆ, ಗಾಡಿ ಬಿಡಬಹುದು. ಒಂದು ಉಳಿದರೆ ಯಾರೋ ಹಿಂದೆ ಉಳಿದಿದ್ದಾರೆ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಒಂದು ಉಂಡಿ ಕಡಿಮೆ ಬಿದ್ದು ಗಾಬರಿಯಾಗಿ ನೋಡಿದರೆ, ಯಾರದೋ ಹುಡುಗ ನಮ್ಮ ಸಾಲಿನಲ್ಲಿ ಕೈಚಾಚಿ ಕೂತು ಚಪ್ಪರಿಸುತ್ತಿದ್ದ!

ಹಿರಿಯರಿಗೂ ಇದೇ ಕಾಯ್ದೆ. ಅವಳದೂ ಒಂದಿರುತ್ತಿತ್ತು, ಆದರೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುವಳು. "ಎಲ್ಲಾರೂ ಮನೀ ಮುಟ್ಟಿದ ಮ್ಯಾಲೆ ತಿಂತೇನಿ" ಅನ್ನುವಳು. ನಮಗೆ ಇನ್ನೊಂದು ಪಾಠವನ್ನೂ ಕಲಿಸಿದ್ದಳು. "ತಪ್ಪಿಸಿಕೊಂಡ್ರ ಎಲ್ಲೂ ಓಡಬಾರದು. ನಿಂತಲ್ಲೇ ನಿಂದ್ರಬೇಕು. ಗಂಟಿನ್ಯಾಗ ನಿಮ್ಮ ಉಂಡಿ ಉಳೀತೈತಿ, ನಾ ತಗೊಂಡ ಬರ್ತೇನಿ."

ಎಂಬತ್ತರ ದಶಕದ ಕೊನೆಯ ಒಂದು ಶ್ರಾವಣ. ನನಗೆ ಹತ್ತು ವರ್ಷ. ಕಾಕಾನ ತಲೆಯಲ್ಲಿ ಆಂಬೋಲಿ ಘಾಟಿನ ಹುಚ್ಚು ಹೊಕ್ಕಿತ್ತು. ರಸ್ತೆಯ ಮಗ್ಗುಲಿಗೇ ಬೆಟ್ಟದ ನೀರು ಧಬಧಬೆಯಾಗಿ ಬೀಳುತ್ತದೆ, ಮೋಡ ಮೈಮೇಲೆ ಬರುತ್ತದೆ, ಕಣಿವೆಯ ದರಿ ನೋಡಿದರೆ ತಲೆ ತಿರುಗುತ್ತದೆ ಅಂತ ಯಾರೋ ಹೇಳಿದ್ದರು. ದೊಡ್ಡವ್ವ ಕೇಳಿದ ಕೂಡಲೇ ಬೇಡ ಅಂದಳು. "ನೀರು ಬೀಳೂದ ನೋಡಾಕ ಅಷ್ಟ ದೂರ ಯಾಕ ಹೋಗಬೇಕೋ? ನಮ್ಮ ದನದ ಮನಿ ಸೋರಾಕತ್ತೈತಿ, ಕುಂತ ನೋಡ." ಕಾಕಾ ಬಿಡಲಿಲ್ಲ. "ಸೋಮಾರ ಹೋಗೂಣ ವೈನಿ. ಅಲ್ಲೆ ಹಿರಣ್ಯಕೇಶಿ ಐತಿ, ಶಿವನ ದರ್ಶನ ಆಗ್ತೈತಿ" ಅಂದ. "ದೇವರ ಹೆಸರ ಹೇಳಿ ನನ್ನ ಬಾಯಿ ಮುಚ್ಚಸ್ತಿ" ಅಂತ ಬೈದುಕೊಳ್ಳುತ್ತ ಅವಳು ಶೇಂಗಾ ಹುರಿಯಲು ಕೂತಳು. ಮೂರು ಗಂಟು ಕಟ್ಟಿದಳು: ಗುಡಿಯದೊಂದು, ದರಿಯದೊಂದು, ಧಬಧಬೆ ನೋಡಿ ಮನೆಗೆ ಹೊರಡುವಾಗಿನದೊಂದು.

ಎಷ್ಟು ಮಂದಿ ಹೋಗಿದ್ದೆವು ಅಂತ ಕೇಳಬೇಡಿ. ಈಗಲೂ ಮನೆಮಂದಿಯನ್ನು ಎಣಿಸಲು ನನಗೆ ನಾಲಗೆ ಏಳುವುದಿಲ್ಲ. ನಿಪ್ಪಾಣಿಯಿಂದ ತಂದ ಒಂದು ಬಾಡಿಗೆ ಮೆಟಡೋರ್ ತುಂಬಿತ್ತು ಅಂದರೆ ಸಾಕು. ಅಪ್ಪ, ಕಾಕಾ ಮುಂದೆ ಡ್ರೈವರನ ಮಗ್ಗುಲಿಗೆ. ಅವರ ಹಿಂದೆ ದೊಡ್ಡವ್ವ, ನಮ್ಮವ್ವ, ಖಿಡಕಿಗೆ ಕಾಕಿ. ಕೊನೆಗೆ ನಾವು ಮಕ್ಕಳು. ನಮಗೂ ಅವರಿಗೂ ನಡುವೆ ಬುತ್ತಿಗಂಟು, ಚಾಪೆ, ಕೊಡೆಗಳ ರಾಶಿ. ಕಾಕಿ ಅಥಣಿಯ ದ್ರಾಕ್ಷಿ ತೋಟದ ಮನೆಯ ಮಗಳು, ಬಯಲು ಸೀಮೆಯವಳು. ಘಾಟಿನ ತಿರುವು ಸುರುವಾದ ಕೂಡಲೇ ವಾಂತಿ ಮಾಡಿ ತಲೆ ಖಿಡಕಿಗೆ ಒರಗಿಸಿದವಳು ಆ ದಿನ ಪೂರ್ತಿ ಸರಿಹೋಗಲಿಲ್ಲ. ಅದಕ್ಕೇ ಅವಳ ಐದು ವರ್ಷದ ಮಗಳು ಶಕ್ಕುವನ್ನು ದೊಡ್ಡವ್ವ ನನಗೆ ಒಪ್ಪಿಸಿದಳು. "ನೀ ದೊಡ್ಡಾಕಿ ಅದಿ. ಇಕೀ ಕೈ ಬಿಡಬ್ಯಾಡ ಬೇ" ಅಂದಳು.

ಹಿರಣ್ಯಕೇಶಿಯಲ್ಲಿ ಎಲ್ಲ ಸುಸೂತ್ರ. ಗವಿಯೊಳಗಿಂದ ನೀರು ಬರುತ್ತಿತ್ತು, ನಾವು ಮುಖ ತೊಳೆದೆವು, ದರ್ಶನವಾಯಿತು, ಮೊದಲನೆಯ ಗಂಟು ಬರಿದಾಯಿತು. ಆದರೆ ಶ್ರಾವಣ ಸೋಮವಾರ ನೋಡಿ, ಮಕ್ಕಳಿಗೂ ಒಪ್ಪತ್ತು. ಊಟ ಅನ್ನುವುದು ಸಂಜೆಗೇ. ಬೆಳಿಗ್ಗೆ ಒಂದು ಹಿಡಿ ಸಾಬೂದಾಣಿ, ಆಮೇಲೆ ಆ ಒಂದು ಉಂಡಿ. ಮಲೆಯ ಥಂಡಿಗೆ ಹೊಟ್ಟೆ ಚುರುಗುಟ್ಟಿ ನನಗೆ ದೇವರೂ ಬೇಡ, ದರಿಯೂ ಬೇಡ ಅನ್ನಿಸಿತ್ತು.

ದರಿ ನೋಡುವ ಪಾಯಿಂಟುಗಳು ಅಲ್ಲಿ ಮೂರ್ನಾಲ್ಕು ಇವೆಯಂತೆ. ನಾವು ಹೋದದ್ದು ಯಾವುದು ಅಂತ ನನಗೆ ಗೊತ್ತಿಲ್ಲ, ಹೊಳ್ಳಿ ಹೋಗುವ ಧೈರ್ಯವೂ ಆಗಿಲ್ಲ. ಬಯಲಿನಂಥ ಕರಿಕಲ್ಲು, ಅದರ ತುದಿಗೆ ನೆಲವೇ ಇಲ್ಲ. ಕಟಾಂಜನ ಇಲ್ಲ, ಏನಿಲ್ಲ. ಬರೀ ಬಿಳಿ ಮಂಜು ಕೆಳಗಿಂದ ಏರಿ ಬರುತ್ತಿತ್ತು. ದೊಡ್ಡವ್ವ ಗಾಡಿಯ ಹತ್ತಿರವೇ ನಿಂತು, "ತುದಿಗಿ ಹೋಗಬ್ಯಾಡ್ರೋ, ನಿಮ್ಮ ಕಾಲಿಗಿ ಬೀಳ್ತೇನಿ" ಅಂತ ಕೂಗುತ್ತಲೇ ಇದ್ದಳು. ಕಾಕಾ ಬೋರಲಾಗಿ ಮಲಗಿ ಕೆಳಗೆ ಇಣುಕಿದ. ನನಗೂ ನೋಡಬೇಕಿತ್ತು. ಶಕ್ಕು ಒಂದಕ್ಕೆ ಬಂದಿದೆ ಅಂತ ನನ್ನ ಲಂಗ ಜಗ್ಗುತ್ತಿದ್ದಳು. "ಆ ಕಲ್ಲಿನ ಮರೀಗಿ ಹೋಗಿ ಬಾ" ಅಂತ ಕೈ ಬಿಟ್ಟೆ.

ಅಷ್ಟರಲ್ಲಿ ಮಳೆ ಹೊಡೆಯಿತು. ಎಂಥ ಮಳೆ ಅಂತೀರಿ! ಕೊಡೆ ಉಲ್ಟಾ ಆದವು. ಎಲ್ಲರೂ ಚೀರುತ್ತ ಮೆಟಡೋರಿಗೆ ಓಡಿದೆವು. ಹತ್ತಿ ಕೂತು ನೋಡಿದಾಗ ಶಕ್ಕು ನನ್ನ ಮಗ್ಗುಲಿಗೆ ಇರಲಿಲ್ಲ. ಮುಂದೆ ಕಾಕಿ ತೊಡೆಯ ಮೇಲೆ ಶಾಲು ಹೊದಿಸಿದ್ದು ಏನೋ ಗುಪ್ಪೆಯಾಗಿ ಕಂಡಿತು. ಹೋಗಿ ಅವ್ವನ ತೊಡೆಯ ಮೇಲೆ ಮಲಗಿದ್ದಾಳೆ ಅಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ.

ದೊಡ್ಡವ್ವ ಎರಡನೆಯ ಗಂಟು ಬಿಚ್ಚಿದಳು. ಮಣಕಾಲು ನೋಯುತ್ತಿತ್ತು, ನಡುವೆ ಆ ಸಾಮಾನಿನ ರಾಶಿ, ಹಿಂದಕ್ಕೆ ಬರಲು ದಾರಿ ಇಲ್ಲ. ಮೊದಲ ಸಲ ಅವಳು ತನ್ನ ಕಾಯ್ದೆ ತಾನೇ ಮುರಿದಳು. ಕೂತಲ್ಲಿಂದಲೇ ಕೈಚಾಚಿ ಒಂದೊಂದೇ ದಾಟಿಸಿದಳು. "ಇದು ಶಕ್ಕುಂದು. ಅಕಿ ಎಲ್ಲಿ?" ಅಂದಳು.

ನನ್ನ ಉಂಡಿ ಆಗಲೇ ಹೊಟ್ಟೆಯಲ್ಲಿತ್ತು. "ಇಲ್ಲೆ ಮಲಗ್ಯಾಳ ಬೇ. ಕೊಡ, ನಾ ಕೊಡ್ತೇನಿ" ಅಂದೆ.

ಕೊಟ್ಟಳು. ಗಂಟು ಬರಿದಾಯಿತು. ಕೊನೆಯದನ್ನು ತನ್ನ ಸೆರಗಿಗೆ ಕಟ್ಟಿಕೊಂಡು, "ನಡೀರಿ, ಎಲ್ಲಾರೂ ಅದಾರ" ಅಂದಳು. ಗಾಡಿ ಹೊರಟಿತು. ಶಕ್ಕುವಿನ ಉಂಡಿಯನ್ನು ನಾನು ಸೀಟಿನ ಮರೆಗೆ ಬಗ್ಗಿ ಎರಡು ತುತ್ತಿಗೆ ನುಂಗಿದೆ.

ಧಬಧಬೆ ಬಹಳ ದೂರ ಇದ್ದಂತೆ ನೆನಪು, ಆದರೆ ಆ ದಿನದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ. ರಸ್ತೆಗೆ ಹತ್ತಿಯೇ ಬೆಟ್ಟದ ಮೇಲಿಂದ ನೀರು ಬೀಳುತ್ತಿತ್ತು, ಗಾಡಿಯೊಳಗೂ ಹನಿ ಸಿಡಿಯುತ್ತಿತ್ತು. ಎಲ್ಲರೂ ಇಳಿದರು. ಕಾಕಿ ತಲೆ ಎತ್ತಿ ಶಾಲು ಸರಿಸಿದಳು. ಅವಳ ತೊಡೆಯ ಮೇಲೆ ಇದ್ದದ್ದು ಒದ್ದೆ ಅರಿವೆಗಳ ಗಂಟು.

"ಶಕ್ಕು ಎಲ್ಲಿ?" ಅಂತ ಕಾಕಿ ಕೇಳಿದಳು.

ಸೀಟಿನ ಕೆಳಗೆ ನೋಡಿದರು, ಚಾಪೆ ಎತ್ತಿ ನೋಡಿದರು. "ಮ್ಯಾಲೇನ ಉಳದಳೇನೋ!" ಅಂತ ಅಪ್ಪ ಅಂದ. ದೊಡ್ಡವ್ವನಿಗೆ ತನ್ನ ಗಂಟಿನ ಮೇಲೆ ಎಂಥ ಭರವಸೆ ಅಂದರೆ, "ಉಳೀಲಿಕ್ಕೆ ಹೆಂಗ ಸಾಧ್ಯ? ಗಂಟು ಬರಿದಾಗೈತಿ. ಕೂಸು ನಮ್ಮ ಜೋಡಿ ಇಲ್ಲೀತನಾ ಬಂದೈತಿ. ಇಲ್ಲೇ ಇಳದೈತಿ, ಇಲ್ಲೇ ಹುಡಕ್ರೋ!" ಅಂದಳು.

ಇಲ್ಲೇ ಅಂದರೆ ಎಲ್ಲಿ? ಮುಂದೆ ಬೀಳುವ ನೀರು, ರಸ್ತೆ ದಾಟಿದರೆ ಕಮರಿ. ಕಾಕಾ ಚಪ್ಪಲಿ ಬಿಟ್ಟು ನೀರಿನೊಳಗೆ ಇಳಿದ. ಅಪ್ಪ ಕಟ್ಟೆಯ ಮೇಲೆ ಬಗ್ಗಿ ಕಮರಿಯೊಳಗೆ ಕೂಗಿದ. ನಮ್ಮವ್ವ ಬಂದುಹೋಗುವ ಟ್ರಕ್ಕುಗಳಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದಳು. ಕಾಕಿ ನಡುರಸ್ತೆಯಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಆ ನೀರಿನ ಸದ್ದಿನಲ್ಲಿ ಅವಳ ಅಳು ಕೇಳಿಸುತ್ತಿರಲಿಲ್ಲ, ಬಾಯಿ ತೆರೆದದ್ದಷ್ಟೇ ಕಾಣುತ್ತಿತ್ತು. ಶಕ್ಕು ಅಲ್ಲಿಗೆ ಬಂದೇ ಇಲ್ಲ ಅನ್ನುವುದು ಅಷ್ಟು ಮಂದಿಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನನ್ನ ಹಲ್ಲಿನ ಸಂದಿಯಲ್ಲಿ ಇನ್ನೂ ಬೆಲ್ಲ ಇತ್ತು. ಬಾಯಿ ಬಿಡಲಾಗಲಿಲ್ಲ. ಬಾಯಿ ಬಿಟ್ಟರೆ ಕೊಂದೇಬಿಡುತ್ತಾರೆ ಅನ್ನಿಸಿತು. ಮೇಲೆ ಆ ಕರಿಕಲ್ಲಿನ ತುದಿ, ಆ ಮಂಜು, ಐದು ವರ್ಷದ ಕೂಸು. ಇಲ್ಲಿ ಹುಡುಕಿದ ಒಂದೊಂದು ನಿಮಿಷವೂ ನನ್ನ ಪಾಪ ಅಂತ ಗೊತ್ತಿದ್ದೂ ಮೆಟಡೋರಿನ ಗಾಲಿ ಹಿಡಿದು ನಿಂತಿದ್ದೆ.

ದೊಡ್ಡವ್ವ ಕುಂಟುತ್ತ ಬಂದು ನನ್ನ ರಟ್ಟೆ ಹಿಡಿದಳು. ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು. "ಅಕೀ ಕೈಯಾಗ ಕೊಟ್ಟೀ ಏನ್ ಬೇ? ಖರೇ ಹೇಳು. ಕೈಯಾಗ ಕೊಟ್ಟೀ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅಷ್ಟೇ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ರಟ್ಟೆ ಬಿಟ್ಟು ತಿರುಗಿ ನಿಂತು, ಆ ನೀರಿನ ಸದ್ದನ್ನೂ ಮೀರಿ ಒದರಿದಳು. "ಇಲ್ಲೆ ಹುಡಕಬ್ಯಾಡ್ರಿ! ಕೂಸು ಮ್ಯಾಲೇ ಉಳದೈತಿ. ನಾ ತಪ್ಪೇನಿ. ಕಣ್ಣ ಕಾಣದ ಒಬ್ಬರಿಗೇ ಎರಡ ಸಲ ಕೊಟ್ಟೇನಿ. ಗಾಡಿ ಹೊಳ್ಳಸ್ರೋ!"

ಆ ಘಾಟಿನಲ್ಲಿ ಮೆಟಡೋರ್ ಹೊಳ್ಳಿಸುವುದೇ ಒಂದು ಯುದ್ಧ. ಮೇಲಿಂದ ಟ್ರಕ್ಕು, ಕೆಳಗಿಂದ ಬಸ್ಸು. ಮಂಜು ಎಷ್ಟು ಇಳಿದಿತ್ತು ಅಂದರೆ ಡ್ರೈವರ್ ಹಗಲಿನಲ್ಲೇ ದೀಪ ಹಾಕಿ ತಲೆ ಹೊರಗೆ ಚಾಚಿ ಓಡಿಸಿದ. ಒಳಗೆ ಕಾಕಿ ಬಿಕ್ಕುತ್ತಿದ್ದಳು. ದೊಡ್ಡವ್ವ ಸೆರಗಿನ ಗಂಟು ಮುಷ್ಟಿಯಲ್ಲಿ ಹಿಡಿದು, "ನಿಂತಲ್ಲೇ ನಿಂದ್ರ ನನ್ನವ್ವಾ, ನಿಂತಲ್ಲೇ ನಿಂದ್ರ" ಅಂತ ಒಂದೇ ಸಮನೆ ಅನ್ನುತ್ತಿದ್ದಳು. ನಾನು ಮನಸ್ಸಿನಲ್ಲಿ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಇನ್ನು ಜನ್ಮದಲ್ಲಿ ಉಂಡಿ ತಿನ್ನುವುದಿಲ್ಲ ಅಂದೆ.

ಬಯಲು ಬಂದಾಗ ಎದುರಿಗೆ ಹತ್ತು ಮಾರು ಸಹ ಕಾಣುತ್ತಿರಲಿಲ್ಲ. ಕಾಕಾ ಕೂಗುತ್ತ ತುದಿಯ ಕಡೆಗೇ ಓಡಿದ. ದೊಡ್ಡವ್ವ ಆ ಕಡೆ ನೋಡಲೂ ಇಲ್ಲ. ಮೊದಲು ಗಾಡಿ ನಿಂತಿದ್ದ ಜಾಗಕ್ಕೆ ಮಣಕಾಲು ಎಳೆದುಕೊಂಡು ಹೋದಳು.

ಶಕ್ಕು ಅಲ್ಲೇ ನಿಂತಿದ್ದಳು. ಗಾಲಿಯ ಗುರುತಿನ ಮೇಲೇ ನಿಂತಿದ್ದಳು. ಕುರಿ ಕಾಯುವ ಒಬ್ಬ ಮುದುಕಿ ತನ್ನ ಕಂಬಳಿ ಕೊಪ್ಪೆಯೊಳಗೆ ಅವಳನ್ನು ಸೇರಿಸಿಕೊಂಡು ನಿಂತಿದ್ದಳು. ಈ ಪೋರಿ ನಿಮ್ಮದೇನು ಅಂತ ಮರಾಠಿಯಲ್ಲಿ ಕೇಳಿ ಆ ಮುದುಕಿ ನಮ್ಮನ್ನು ಚೆನ್ನಾಗಿ ಬೈದಳು. ಗುಡಿಸಲಿಗೆ ಬಾ ಅಂತ ಎಷ್ಟು ಕರೆದರೂ ಹುಡುಗಿ ಬರಲಿಲ್ಲವಂತೆ, ಇಲ್ಲಿಂದ ಕದಲಬಾರದು ಅಂದಳಂತೆ. ತುಟಿ ನೀಲಿಗಟ್ಟಿತ್ತು, ಆದರೆ ಅಳುತ್ತಿರಲಿಲ್ಲ. ದೊಡ್ಡವ್ವನನ್ನು ನೋಡಿ ಕೈ ಚಾಚಿದಳು.

"ದೊಡ್ಡವ್ವಾ, ನನ್ನ ಉಂಡಿ?"

ಆ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಹಾಗೇ ಇದೆ. ದೊಡ್ಡವ್ವ ನನ್ನ ಕಡೆ ತಿರುಗಲಿಲ್ಲ. ಮನೆಗೆ ಹೊರಡುವಾಗಿನ ಮೂರನೆಯ ಗಂಟು ಚೀಲದಲ್ಲಿತ್ತು, ಅದನ್ನೂ ಮುಟ್ಟಲಿಲ್ಲ. ತನ್ನ ಸೆರಗಿನ ಗಂಟು ಬಿಚ್ಚಿ, ತನ್ನದನ್ನು ತೆಗೆದು, ಆ ಸಣ್ಣ ಕೈಯಲ್ಲಿ ಇಟ್ಟಳು. "ಇದ ನೋಡವ್ವಾ ನಿಂದು. ಉಳದಿತ್ತು. ತಂದೇನಿ" ಅಂದಳು. ಅಂದು, ಅಲ್ಲೇ ಕೆಸರಿನಲ್ಲಿ ಕುಸಿದು ಕೂತಳು.

ಮತ್ತೆ ಯಾರೂ ಧಬಧಬೆ ಅನ್ನಲಿಲ್ಲ. ಹೊರಡುವ ಮುಂದೆ ಅವಳು ಮೂರನೆಯ ಗಂಟು ಬಿಚ್ಚಿದಳು. ಈ ಸಲ ಸಾಮಾನು ಸರಿಸಿಕೊಂಡು, ಸೀಟು ಹಿಡಿದುಕೊಂಡು, ಒಬ್ಬೊಬ್ಬರ ಹತ್ತಿರವೂ ಬಂದು ಕೈಗೆ ಕೊಟ್ಟಳು. ನನಗೂ ಕೊಟ್ಟಳು, ಎಲ್ಲರಿಗೂ ಕೊಟ್ಟ ಹಾಗೇ. ಕೊನೆಗೆ ಕಾಕಿಯ ಮುಂದೆ ಕೈ ಚಾಚಿದಳು.

ಕಾಕಿ ಶಕ್ಕುವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಆ ಕೈಯನ್ನು ದೂಡಿದಳು. "ಬ್ಯಾಡ್ರಿ ಅಕ್ಕಾರ. ನಿಮ್ಮ ಉಂಡೀನೂ ಬ್ಯಾಡ, ನಿಮ್ಮ ಲೆಕ್ಕಾನೂ ಬ್ಯಾಡ. ಹಡದು ಸಾಕಿದಾಕಿಗೆ ಗೊತ್ತಿರ್ತೈತಿ ಕೂಸಿನ ಸಂಕಟ. ನಿಮಗೇನ ಗೊತ್ತು?"

ಈಗಲಾದರೂ ಹೇಳುತ್ತಾಳೆ, ನನ್ನ ಕಡೆ ಬೆರಳು ಮಾಡುತ್ತಾಳೆ ಅಂತ ನಾನು ಕಾದೆ. ದೊಡ್ಡವ್ವ ಆ ಉಂಡಿಯನ್ನು ಚೀಲಕ್ಕೆ ಹಾಕಿಕೊಂಡಳು. "ಖರೇ ಐತಿ" ಅಂದಳು. ಬೇಡಕಿಹಾಳ ಬರುವತನಕ ಆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಎಲ್ಲರೂ ಗಾಡಿಯಲ್ಲಿದ್ದರು, ಆದರೂ ಚೀಲದಲ್ಲಿ ಒಂದು ಉಳಿದಿತ್ತು.

ಮುಂದಿನ ವರ್ಷ ಗೋಕಾಕ ಫಾಲ್ಸಿಗೆ ಹೋಗುವಾಗ ಅಪ್ಪ ಮೆಟಡೋರಿನ ಬಾಗಿಲಲ್ಲಿ ನಿಂತು ಒಂದು, ಎರಡು, ಮೂರು ಅಂತ ನಮ್ಮ ತಲೆ ಮುಟ್ಟಿ ಎಣಿಸಿದ. "ವೈನೀ ಕಣ್ಣ ಮೊದಲಿನ್ಹಂಗ ಇಲ್ಲ" ಅಂದ. ದೊಡ್ಡವ್ವ ಮನೆಯ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅವಳು ಬರಲಿಲ್ಲ. ಮಣಕಾಲು ನೋವು ಅಂದಳು. ಆಮೇಲೆ ಯಾವ ಪ್ರವಾಸಕ್ಕೂ ಅವಳನ್ನು ಕರೆಯುವುದೇ ಬಿಟ್ಟರು. ನಿಪ್ಪಾಣಿ ದಾಟಿ ಅವಳು ಮತ್ತೆ ಹೋಗಲೇ ಇಲ್ಲ. ಕಾಕಿ ಮಾತು ಬಿಡಲಿಲ್ಲ, ಅಡಿಗೆ ಬಡಿಸುತ್ತಿದ್ದಳು, ಕಾಲೂ ಒತ್ತುತ್ತಿದ್ದಳು. ಆದರೆ ದೊಡ್ಡವ್ವ ಉಂಡಿ ಹಂಚಲು ಬಂದರೆ, "ಅಲ್ಲಿಡ್ರಿ ಅಕ್ಕಾರ, ಆಮ್ಯಾಲೆ ತಿಂತೇನಿ" ಅನ್ನುವಳು. ಕೈ ಚಾಚಲಿಲ್ಲ.

ನಾನು ಹೇಳಲಿಲ್ಲ. ಇವತ್ತು ಹೇಳಬೇಕು, ನಾಳೆ ಹೇಳಬೇಕು ಅನ್ನುತ್ತ ಹತ್ತು ವರ್ಷ ಹೋದವು. ಹತ್ತಿರದ ಭೋಜ ಅನ್ನುವ ಊರಿಗೆ ನನ್ನನ್ನು ಕೊಟ್ಟರು. ಅತ್ತೆಮನೆಗೆ ಹೊರಡುವ ದಿನ ದೊಡ್ಡವ್ವ ನನ್ನ ತಲೆ ಹಿಕ್ಕುತ್ತಿದ್ದಳು. "ದೊಡ್ಡವ್ವಾ, ಅವತ್ತ ಆಂಬೋಲ್ಯಾಗ..." ಅಂದೆ.

ಬಾಚಣಿಗೆ ನಿಂತಿತು. "ಹಸದ ಕೂಸಿನ ಕೈಯಾಗ ಎರಡ ಉಂಡಿ ಕೊಟ್ಟಾಕಿ ನಾನು. ತಪ್ಪ ಯಾರದು?"

"ನಾ ಎಲ್ಲಾರ ಮುಂದ ಹೇಳ್ತೇನಿ ಬೇ."

"ಸುಮ್ಮನ ಕುಂಡ್ರು. ನನಗ ಬಂದ ಮಾತು ನನ್ನ ಜೋಡಿ ಹೋಗ್ತೈತಿ. ನಿನಗ ಬಂದ್ರ ನಿನ್ನ ಮಕ್ಕಳತನಕ ಬರ್ತೈತಿ" ಅಂದು ಹೆರಳನ್ನು ನೋವಾಗುವ ಹಾಗೆ ಬಿಗಿದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳು ಹಾಸಿಗೆ ಹಿಡಿದಳು. ನಾನು ಭೋಜದಿಂದ ಬಂದು ಹತ್ತಿರ ಕೂತೆ. ಒಂದು ದಿನ ಬೆಳಿಗ್ಗೆ, "ಉಂಡಿ ಮಾಡು" ಅಂದಳು. ಅವಳು ಹೆಸರು ಹೇಳಿದಳು, ನಾನು ಒಂದೊಂದು ಕಟ್ಟಿದೆ. ಕಟ್ಟಿದ್ದನ್ನು ಅವಳ ಕೈಗೆ ಒಯ್ದರೆ ಆ ಬಾಗಿದ ಬೆರಳಿನಿಂದ ಒತ್ತಿ ತಗ್ಗು ಮಾಡುವಳು. "ಇಲ್ಲಾಂದ್ರ ನಂದಂತ ಹೆಂಗ ಗೊತ್ತಾಗಬೇಕು?" ಅಂತ ನಕ್ಕಳು. ಆಮೇಲೆ ನೋಡಲು ಬಂದ ಮನೆಮಂದಿಗೆಲ್ಲ ತಾನೇ ಕೈಗೆ ಕೊಟ್ಟಳು. ತನ್ನದು ಅಂತ ಈ ಸಲ ಕಟ್ಟಿಸಿರಲಿಲ್ಲ.

ಮೂರನೆಯ ದಿನ ಉಂಡಿಯ ಚೀಲವನ್ನು ನನ್ನ ಕಡೆ ಸರಿಸಿದಳು. ಶಕ್ಕು ಆಗ ಅಥಣಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದಳು, ಇನ್ನೂ ಬಂದಿರಲಿಲ್ಲ. ಕಾಕಿ ಎಂದಿನಂತೆ ಆಮೇಲೆ ತಿನ್ನುತ್ತೇನೆ ಅಂದಿದ್ದಳು.

"ಇದರಾಗ ಶಕ್ಕುಂದು ಐತಿ, ಅವರವ್ವಂದು ಐತಿ" ಅಂದಳು. ಉಸಿರು ಹತ್ತುತ್ತಿರಲಿಲ್ಲ. "ನೀನ ಕೊಡು. ಅಲ್ಲಿ ಇಲ್ಲಿ ಇಡಬ್ಯಾಡ. ಕೈಯಾಗ ಕೊಡು ಬೇ."

ಶಕ್ಕುವಿನ ಉಂಡಿ, ಮತ್ತೆ ನನ್ನ ಕೈಯಲ್ಲಿ. ಇಷ್ಟು ದೊಡ್ಡ ಊರಿನಲ್ಲಿ ಅವಳಿಗೆ ಬೇರೆ ಕೈ ಸಿಗಲಿಲ್ಲವೇ ಅಂತ ನಾನು ಅತ್ತೆ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ಆ ದಿನ ಮಧ್ಯಾಹ್ನ ಹೋದಳು.

ಮಣ್ಣಿಗೆ ಮಂದಿ ಕೂಡಿತು. ಅಥಣಿಯ ಬಸ್ಸು ತಡವಾಗಿತ್ತು. ಇನ್ನೂ ಎಷ್ಟು ಹೊತ್ತು ಇಡುವುದು ಅಂತ ಹಿರಿಯರು ಅವಸರ ಮಾಡುತ್ತಿದ್ದರು. ನಾನು ಚೀಲ ಅವಚಿಕೊಂಡು ಅವಳ ಮಗ್ಗುಲಿಗೆ ಕೂತಿದ್ದೆ. ಶಕ್ಕು ಬರುವತನಕ ಎತ್ತಗೊಡುವುದಿಲ್ಲ ಅಂತ ಜಗಳ ತೆಗೆದೆ. ಹೊತ್ತು ಇಳಿಯುವಾಗ ಶಕ್ಕು ಓಡುತ್ತ ಬಂದಳು. ಅವಳು ದೊಡ್ಡವ್ವನ ಮೇಲೆ ಬೀಳುವ ಮೊದಲೇ ಅವಳ ಕೈ ಹಿಡಿದು ಉಂಡಿ ಇಟ್ಟೆ.

"ಇದು ನಿಂದು. ದೊಡ್ಡವ್ವ ಕೊಟ್ಟಾಳ" ಅಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅವತ್ತ ಆಂಬೋಲ್ಯಾಗ ದೊಡ್ಡವ್ವ ತಪ್ಪಿರಲಿಲ್ಲ. ಶಕ್ಕು ಇಲ್ಲೆ ಮಲಗ್ಯಾಳ ಅಂತ ಸುಳ್ಳ ಹೇಳಿ ಅಕೀ ಉಂಡಿ ಇಸಕೊಂಡು ನಾ ತಿಂದೆ. ದೊಡ್ಡವ್ವಗ ಗೊತ್ತಿತ್ತು. ನನ್ನ ಹೆಸರ ಹೇಳಲಿಲ್ಲ."

ಅಪ್ಪ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ನಾನು ಎರಡನೆಯ ಉಂಡಿ ತೆಗೆಯಲು ಚೀಲದೊಳಗೆ ಕೈ ಹಾಕಿದೆ. ಕಾಕಿ ಎದ್ದು ಬಂದಳು. ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ದೊಡ್ಡವ್ವನ ತಣ್ಣಗಾದ ಬಲಗೈ ಎತ್ತಿ, ಆ ಬಾಗಿದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ತನ್ನ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು.

ಇಟ್ಟೆ.

"ಎತ್ತೂಣೇನವ್ವಾ?" ಅಂತ ಹಿರಿಯರೊಬ್ಬರು ಕೇಳಿದರು. ನಾನು ಚೀಲ ತಿರುವಿ ಹಾಕಿ ನೋಡಿದೆ. ಬರಿದಾಗಿತ್ತು.

"ಹೂಂನ್ರಿ, ಎಲ್ಲಾರೂ ಅದಾರ" ಅಂದೆ.